ಸೂಲಗಿತ್ತಿಯ ವಹಿ: ಒಬ್ಬ ಮಾರ್ಮನ್ ಸ್ತ್ರೀಯ ದಿನಚರಿಯೂ ನಮ್ಮ ಸಭಾ ದಾಖಲೆಗಳೂ

ನಮ್ಮ ಸಭೆಗಳ ದೀಕ್ಷಾಸ್ನಾನದ ದಾಖಲೆಪುಸ್ತಕವನ್ನು ತೆರೆದು ನೋಡಿದರೆ ಮಗುವಿನ ಹೆಸರು, ತಂದೆತಾಯಿಗಳ ಹೆಸರು, ಊರು, ತಾರೀಖು, ದೀಕ್ಷಾಸ್ನಾನ ಕೊಟ್ಟ ಪಾಲಕರ ಸಹಿ ಇವೆಲ್ಲ ಸಾಲಾಗಿ ಕಾಣಸಿಗುತ್ತವೆ. ಆ ಮಗುವನ್ನು ಭೂಮಿಗೆ ಬರಮಾಡಿಕೊಂಡ ಕೈ ಯಾರದೆಂಬುದಕ್ಕೆ ಮಾತ್ರ ಅಲ್ಲಿ ಅಂಕಣವಿಲ್ಲ. ಇದನ್ನು ದಾಖಲೆಪುಸ್ತಕದ ದೋಷವೆಂದು ನಾವು ಹೇಳುತ್ತಿಲ್ಲ. ಅದು ಸಂಸ್ಕಾರದ ದಾಖಲೆ, ಹೆರಿಗೆಯ ದಾಖಲೆಯಲ್ಲ. ಆದರೂ ಸಭೆಯ ಚರಿತ್ರೆಯನ್ನು ಬರೆಯಹೊರಟವರು ಈ ಪುಸ್ತಕಗಳನ್ನೇ ಆಧಾರವಾಗಿ ಹಿಡಿಯುವುದರಿಂದ, ಅಂಕಣವಿಲ್ಲದ ಸಂಗತಿ ಚರಿತ್ರೆಯಲ್ಲಿಯೂ ಇಲ್ಲವಾಗುತ್ತದೆ. ಕಲಬುರಗಿ ನಗರದಲ್ಲಿಯೂ ಕಮಲಾಪುರದ ಸುತ್ತಣ ಹಳ್ಳಿಗಳಲ್ಲಿಯೂ ಸೇವೆ ಮಾಡುವವರಿಗೆ ಈ ಕೊರತೆ ಏನೆಂಬುದು ತಿಳಿಯಬೇಕಾದರೆ, ಅಂಥ ಅಂಕಣವನ್ನು ತಾನೇ ಗೆರೆ ಹಾಕಿಕೊಂಡು ನಾಲ್ಕು ದಶಕಗಳ ಕಾಲ ತುಂಬಿದ ಒಬ್ಬ ಸ್ತ್ರೀಯ ದಿನಚರಿಯನ್ನು ಓದುವುದು ಒಳ್ಳೆಯದು. ಆಕೆ ನಮ್ಮ ಸಭೆಯವರಲ್ಲ, ನಮ್ಮ ವಿಶ್ವಾಸಪ್ರಮಾಣವನ್ನು ಒಪ್ಪಿದವರೂ ಅಲ್ಲ. ಅವರ ಹೆಸರು ಪ್ಯಾಟಿ ಬಾರ್ಟ್‌ಲೆಟ್ ಸೆಷನ್ಸ್, ಅಮೆರಿಕದ ಮಾರ್ಮನ್ ಪಂಥದ ಸೂಲಗಿತ್ತಿ.

ಮಾರ್ಮನರ ಹೆಸರು ಈ ಪತ್ರಿಕೆಯ ಓದುಗರಿಗೆ ಅಪರಿಚಿತವಲ್ಲ. ಅವರ ಸಭೆಯ ಪೂರ್ಣ ಹೆಸರು ಅಂತ್ಯಕಾಲದ ಪರಿಶುದ್ಧರ ಯೇಸು ಕ್ರಿಸ್ತನ ಸಭೆ. 2018ರಿಂದ ಅದರ ನಾಯಕರು 'ಮಾರ್ಮನ್' ಎಂಬ ಅಡ್ಡಹೆಸರನ್ನು ಬಿಡಬೇಕೆಂದು ಕೇಳಿಕೊಂಡಿದ್ದಾರೆ. ಚರಿತ್ರೆಯಲ್ಲಿ ರೂಢಿಯಾಗಿರುವ ಕಾರಣದಿಂದ ಮಾತ್ರ ನಾವು ಅದನ್ನು ಇಲ್ಲಿ ಬಳಸುತ್ತೇವೆ. ದುಡಿಮೆಗೆಂದು, ಓದಿಗೆಂದು ನಮ್ಮ ಯುವಜನರು ಹೋಗುವ ಹೈದರಾಬಾದಿನಲ್ಲಿ 2012ರಲ್ಲಿ ಭಾರತದಲ್ಲಿ ಅವರ ಮೊದಲ 'ಸ್ಟೇಕ್', ಅಂದರೆ ಹಲವು ಸ್ಥಳೀಯ ಸಭೆಗಳ ಮಂಡಲ, ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ ದೇವಾಲಯವನ್ನು ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು. ಹೀಗಿರುವಾಗ ಊರಿಗೆ ಮರಳಿದ ಯುವಕನೊಬ್ಬನು ಅವರ ವಿಷಯವಾಗಿ ಕೇಳಿದರೆ ಪಾಲಕರು ಎರಡು ಮಾತು ಸರಿಯಾಗಿ ಹೇಳಬಲ್ಲವರಾಗಿರಬೇಕು.

ನಮಗೂ ಅವರಿಗೂ ಇರುವ ಭೇದ ಚಿಕ್ಕದಲ್ಲ. ತಂದೆ, ಮಗ, ಪವಿತ್ರಾತ್ಮರನ್ನು ಅವರು ಒಂದೇ ಸತ್ವದ ತ್ರಯೈಕ್ಯವೆಂದು ಹೇಳದೆ ಉದ್ದೇಶದಲ್ಲಿ ಒಂದಾಗಿರುವ ಮೂವರು ಬೇರೆಬೇರೆ ವ್ಯಕ್ತಿಗಳೆಂದು ನಂಬುತ್ತಾರೆ. ಸತ್ಯವೇದದ ಜೊತೆಗೆ 1830ರಲ್ಲಿ ಜೋಸೆಫ್ ಸ್ಮಿತ್ ಪ್ರಕಟಿಸಿದ ಮಾರ್ಮನ್ ಗ್ರಂಥವನ್ನೂ ಬೇರೆ ಕೆಲವು ಬರಹಗಳನ್ನೂ ಶಾಸ್ತ್ರವೆಂದು ಸ್ವೀಕರಿಸುತ್ತಾರೆ. ಈ ಕಾರಣದಿಂದಲೇ ಅಮೆರಿಕದ ಯುನೈಟೆಡ್ ಮೆಥೊಡಿಸ್ಟ್ ಸಭೆ 2000ರಲ್ಲಿಯೂ, ರೋಮನ್ ಕಥೋಲಿಕ ಸಭೆ 2001ರಲ್ಲಿಯೂ ಅವರ ದೀಕ್ಷಾಸ್ನಾನವನ್ನು ಕ್ರೈಸ್ತ ದೀಕ್ಷಾಸ್ನಾನವೆಂದು ಮಾನ್ಯಮಾಡುವುದಿಲ್ಲವೆಂದು ಸ್ಪಷ್ಟಪಡಿಸಿದವು. ಈ ತೀರ್ಮಾನವನ್ನು ನಾವು ಸಡಿಲಿಸುತ್ತಿಲ್ಲ.

ಆದರೆ ಬರೆದಿಡುವ ವಿಷಯದಲ್ಲಿ ಅವರಷ್ಟು ಶ್ರದ್ಧೆಯುಳ್ಳ ಸಮುದಾಯಗಳು ವಿರಳ. ಇದಕ್ಕೆ ಕಾರಣ ಅವರ ಬೋಧನೆಯಲ್ಲಿಯೇ ಇದೆ. 1830ರ ಏಪ್ರಿಲ್ 6ರಂದು, ಅವರ ಸಭೆ ಸ್ಥಾಪನೆಯಾದ ದಿನವೇ, ದಾಖಲೆಯೊಂದನ್ನು ಇಡತಕ್ಕದ್ದೆಂಬ ಆಜ್ಞೆ ಪ್ರಕಟವಾಯಿತೆಂದು ಅವರು ನಂಬುತ್ತಾರೆ. 1842ರಲ್ಲಿ ಸ್ಮಿತ್ ಬರೆದ ಪತ್ರವೊಂದರಲ್ಲಿ ಪ್ರಕಟನೆ 20:12ರ ಮಾತು, ಅಂದರೆ ಸತ್ತವರ ನ್ಯಾಯತೀರ್ಪಿಗಾಗಿ ತೆರೆಯಲ್ಪಡುವ ಪುಸ್ತಕಗಳು, ಭೂಮಿಯ ಮೇಲೆ ಸಭೆ ಬರೆದಿಟ್ಟ ದಾಖಲೆಗಳಿಗೆ ಅನ್ವಯವಾಗುತ್ತದೆ. ಇಲ್ಲಿ ಬರೆದದ್ದು ಅಲ್ಲಿ ಓದಲ್ಪಡುತ್ತದೆ ಎಂಬ ನಂಬಿಕೆಯಿರುವಲ್ಲಿ ಲೇಖನಿಯನ್ನು ಹಿಡಿಯುವುದೂ ಭಕ್ತಿಯ ಕಾರ್ಯವೇ ಆಗುತ್ತದೆ. ನಮ್ಮ ವಿಶ್ವಾಸವಾದರೋ ಬೇರೆ. ಜೀವಬಾಧ್ಯರ ಪುಸ್ತಕದಲ್ಲಿ ಹೆಸರನ್ನು ಬರೆಯುವುದು ಕೃಪೆಯೇ ಹೊರತು ನಮ್ಮ ಶಾಯಿಯಲ್ಲ. ಆದರೂ ಆ ಪುಸ್ತಕವನ್ನು ಪೌಲನು ಫಿಲಿಪ್ಪಿಯವರಿಗೆ ನೆನಪಿಸುವುದು ಯಾವ ಸಂದರ್ಭದಲ್ಲಿ ಎಂಬುದನ್ನು ಗಮನಿಸಬೇಕು: ತನ್ನೊಂದಿಗೆ ಸುವಾರ್ತೆಗಾಗಿ ಹೋರಾಡಿದ ಯುವೊದ್ಯ, ಸಂತುಕೆ ಎಂಬ ಇಬ್ಬರು ಸ್ತ್ರೀಯರನ್ನು ಹೆಸರು ಹಿಡಿದು ಕರೆಯುವಾಗ. ದೇವರ ಪುಸ್ತಕದಲ್ಲಿ ಅವರ ಹೆಸರಿದೆಯೆಂದು ಅಪೊಸ್ತಲನು ತನ್ನ ಪತ್ರದಲ್ಲಿ ಬರೆಯದೆ ಬಿಡಲಿಲ್ಲ.

ಪ್ಯಾಟಿ ಹುಟ್ಟಿದ್ದು 1795ರ ಫೆಬ್ರವರಿ 4ರಂದು, ಅಮೆರಿಕದ ಮೇನ್ ಸಂಸ್ಥಾನದ ಬೆಥೆಲ್ ಎಂಬ ಊರಿನಲ್ಲಿ. ಹದಿನೇಳನೆಯ ವಯಸ್ಸಿನಲ್ಲಿ ಡೇವಿಡ್ ಸೆಷನ್ಸ್ ಎಂಬವರೊಂದಿಗೆ ವಿವಾಹವಾಯಿತು. ಸೂಲಗಿತ್ತಿಯ ಕೆಲಸಕ್ಕೆ ಅವರನ್ನು ಹಚ್ಚಿದವರು ಅತ್ತೆ. ನಮ್ಮ ಹಳ್ಳಿಗಳಲ್ಲಿಯೂ ಈ ವಿದ್ಯೆ ಅತ್ತೆಯಿಂದ ಸೊಸೆಗೆ, ಅಜ್ಜಿಯಿಂದ ಮೊಮ್ಮಗಳಿಗೆ ಬಂದದ್ದೇ. ಹೆತ್ತ ಮಕ್ಕಳಲ್ಲಿ ಮೂವರು ಮಾತ್ರ ಬೆಳೆದು ದೊಡ್ಡವರಾದರು. 1834ರಲ್ಲಿ ಗಂಡನಿಗಿಂತ ಮೊದಲೇ ಮಾರ್ಮನ್ ಸಭೆಯನ್ನು ಸೇರಿ, ಆ ಜನರೊಂದಿಗೆ ಮಿಸ್ಸೌರಿಗೂ ಅಲ್ಲಿಂದ ಇಲಿನಾಯ್‌ನ ನೌವೂ ಪಟ್ಟಣಕ್ಕೂ ಹೋದರು. 1844ರಲ್ಲಿ ಜೋಸೆಫ್ ಸ್ಮಿತ್ ಗುಂಪಿನ ಕೈಯಲ್ಲಿ ಕೊಲೆಯಾದ ಬಳಿಕ ಸಮುದಾಯಕ್ಕೆ ಅಲ್ಲಿ ನೆಲೆ ಉಳಿಯಲಿಲ್ಲ. 1846ರ ಫೆಬ್ರವರಿಯಲ್ಲಿ ಊರು ಬಿಡುವ ಹೊತ್ತಿಗೆ ಮಗಳು ಸಿಲ್ವಿಯಾ ತಾಯಿಗೆ ಬರೆಯದ ಹಾಳೆಗಳ ಪುಸ್ತಕವೊಂದನ್ನು ಕೊಟ್ಟಳು. ಆಗ ಐವತ್ತೊಂದು ವಯಸ್ಸಿನ ಪ್ಯಾಟಿ ಅದರಲ್ಲಿ ಬರೆಯತೊಡಗಿದವರು 1888ರ ವರೆಗೂ ದಿನಚರಿಯನ್ನು ಮುಂದುವರಿಸಿದರು. 1847ರ ಬೇಸಗೆಯಲ್ಲಿ ನಾಲ್ಕು ಎತ್ತುಗಳ ಬಂಡಿಯನ್ನು ತಾವೇ ಹೊಡೆದುಕೊಂಡು ಬಯಲು ದಾಟಿ ಸೆಪ್ಟೆಂಬರಿನಲ್ಲಿ ಸಾಲ್ಟ್ ಲೇಕ್ ಕಣಿವೆಯನ್ನು ಸೇರಿದರು. ಜೀವಮಾನದಲ್ಲಿ ಅವರು ಮಾಡಿಸಿದ ಹೆರಿಗೆಗಳ ಸಂಖ್ಯೆ 3,977 ಎಂದು ಹೇಳುವ ರೂಢಿಯಿದೆ. ತೀರಿಕೊಂಡದ್ದು 1892ರ ಡಿಸೆಂಬರಿನಲ್ಲಿ, 97ನೆಯ ವಯಸ್ಸಿನಲ್ಲಿ.

ದಿನಚರಿಯೆಂದರೆ ಅಂತರಂಗದ ಆತ್ಮಪರೀಕ್ಷೆಯೆಂದು ನಾವು ಸೆಮಿನರಿಯಲ್ಲಿ ಕಲಿತಿರುತ್ತೇವೆ. ಅಗಸ್ಟೀನನ ಅರಿಕೆಗಳೂ ವೆಸ್ಲಿಯವರ ದಿನಚರಿಯೂ ನಮ್ಮ ಮನಸ್ಸಿನಲ್ಲಿರುತ್ತವೆ. ಆ ನಿರೀಕ್ಷೆಯಿಂದ ಪ್ಯಾಟಿಯವರ ಪುಸ್ತಕವನ್ನು ಹಿಡಿದವರು ನಿರಾಶರಾದಾರು. ಅದು ಹೆಚ್ಚಾಗಿ ನಮ್ಮ ಕಿರಾಣಿ ಅಂಗಡಿಗಳ ಉದ್ರಿ ವಹಿಯನ್ನು ಹೋಲುತ್ತದೆ. ಇಂದು ಇಂಥವರ ಮನೆಯಲ್ಲಿ ಗಂಡು ಮಗು, ಇಷ್ಟು ಗಂಟೆಗೆ, ಬಟ್ಟೆ ಒಗೆದದ್ದು, ಮಳೆ, ಕೂಲಿ ಬಂದದ್ದು, ಬರಬೇಕಾದದ್ದು, ಯಾರ ಮನೆಯಲ್ಲಿ ಪ್ರಾರ್ಥನೆ, ಯಾರ ಮಣ್ಣು. ಒಂದೊಂದು ದಿನಕ್ಕೆ ಒಂದೆರಡು ಸಾಲು, ಅಷ್ಟೇ. ಹೆರಿಗೆಗೆ ಬಳಸುವ ನುಡಿಕಟ್ಟು ವರ್ಷಗಟ್ಟಲೆ ಬದಲಾಗುವುದಿಲ್ಲ. ಅವರದೇ ಪಂಥದ ಎಮೆಲಿನ್ ಬಿ. ವೆಲ್ಸ್ 1844ರಿಂದ 1920ರ ವರೆಗೆ ಬರೆದ 47 ಸಂಪುಟಗಳು ಇದಕ್ಕಿಂತ ತೀರ ಬೇರೆ. ಆಕೆ ಪತ್ರಿಕೆಯ ಸಂಪಾದಕಿ, ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದವರು, ಮನಸ್ಸಿನ ಅಳಲನ್ನು ವಾಕ್ಯವಾಗಿಸಬಲ್ಲವರು. ಸಭಾಚರಿತ್ರೆಯ ವಿದ್ಯಾರ್ಥಿಗೆ ನಾವು ಹೇಳುವುದಾದರೆ ಪ್ಯಾಟಿಯವರ ಶುಷ್ಕ ಸಾಲುಗಳನ್ನೇ ಮೊದಲು ಓದಬೇಕು. ಯಾರನ್ನೂ ಒಪ್ಪಿಸಲು ಬರೆಯದ ಬರಹದ ಸಾಕ್ಷ್ಯಕ್ಕೆ ತೂಕ ಹೆಚ್ಚು. ಮೇನ್ ಸಂಸ್ಥಾನದವರೇ ಆದ ಮಾರ್ಥಾ ಬಲ್ಲಾರ್ಡ್ ಎಂಬ ಇನ್ನೊಬ್ಬ ಸೂಲಗಿತ್ತಿಯ 1785ರಿಂದ 1812ರ ವರೆಗಿನ ದಿನಚರಿಯನ್ನು ಬಹುಕಾಲ ಸಪ್ಪೆಯೆಂದು ಬದಿಗಿಟ್ಟಿದ್ದರು. ಲಾರೆಲ್ ಥ್ಯಾಚರ್ ಅಲ್ರಿಚ್ ಎಂಬ ಇತಿಹಾಸಕಾರರು ಆ ಸಪ್ಪೆ ಸಾಲುಗಳಿಂದಲೇ ಒಂದು ಊರಿನ ಇಡೀ ಬದುಕನ್ನು ತೆರೆದು ತೋರಿಸಿ 1991ರಲ್ಲಿ ಪುಲಿಟ್ಜರ್ ಪ್ರಶಸ್ತಿಯನ್ನು ಪಡೆದರು.

ಈ ಸಾಲುಗಳ ನಡುವೆಯೇ ಬಹುಪತ್ನಿತ್ವದ ಪ್ರಶ್ನೆ ಬರುತ್ತದೆ. ಅಬ್ರಹಾಮನ ಮಾದರಿಯನ್ನು ಮುಂದಿಟ್ಟುಕೊಂಡ ಪ್ರಕಟನೆಯೊಂದನ್ನು ಸ್ಮಿತ್ 1843ರ ಜುಲೈ 12ರಂದು ಬರೆಯಿಸಿದರು. ಸಭೆ ಅದನ್ನು ಬಹಿರಂಗವಾಗಿ ಸಾರಿದ್ದು 1852ರಲ್ಲಿ, ಕೈಬಿಟ್ಟದ್ದು 1890ರಲ್ಲಿ. ಪ್ಯಾಟಿಯವರು ತಾವೇ 1842ರಲ್ಲಿ, ಗಂಡ ಬದುಕಿರುವಾಗಲೇ, ಸ್ಮಿತ್ ಅವರೊಂದಿಗೆ ನಿತ್ಯತ್ವದ ಬಂಧನದ ವಿಧಿಗೆ ಒಳಪಟ್ಟಿದ್ದರು. ಗಂಡ ಡೇವಿಡ್ ರೊಸಿಲ್ಲಾ ಎಂಬ ಇನ್ನೊಬ್ಬಾಕೆಯನ್ನು ವರಿಸಿದ್ದರು. 1846ರ ಶರತ್ಕಾಲದಲ್ಲಿ, ದಾರಿಯ ಮಧ್ಯದ ಬಿಡಾರದಲ್ಲಿ, ಇಬ್ಬರೂ ಒಂದೇ ಸಂಸಾರದಲ್ಲಿ ಇರಬೇಕಾಗಿ ಬಂತು. ಆ ತಿಂಗಳುಗಳ ದಿನಚರಿಯಲ್ಲಿ ಗಂಡನ ಬಿರುಸು ಮಾತು, ರಾತ್ರಿಯ ಅಳು, ಮನೆಗೆಲಸದ ಜಗಳ ಇವು ಹೆರಿಗೆ, ಒಗೆತಗಳಷ್ಟೇ ಗಾತ್ರದ ಸಾಲುಗಳಲ್ಲಿ ಬರುತ್ತವೆ. ವ್ಯಾಖ್ಯಾನವಿಲ್ಲ, ಪ್ರಕಟನೆಯನ್ನು ಪ್ರಶ್ನಿಸುವ ಒಂದು ಮಾತೂ ಇಲ್ಲ. ರೊಸಿಲ್ಲಾ ಡಿಸೆಂಬರಿನಲ್ಲಿ ನೌವೂಗೆ ಹಿಂದಿರುಗಿದಳು. ಅವಳ ದಿನಚರಿ ನಮಗೆ ದೊರೆತಿಲ್ಲ. ಆ ಬಿಡಾರದಲ್ಲಿ ಅವಳ ರಾತ್ರಿಗಳು ಹೇಗಿದ್ದವೋ ಪ್ಯಾಟಿಯವರ ಸಾಲುಗಳಿಂದ ತಿಳಿಯುವಂತಿಲ್ಲ. ಡೇವಿಡ್ ತೀರಿಕೊಂಡ ಬಳಿಕ 1851ರಲ್ಲಿ ಪ್ಯಾಟಿ ಜಾನ್ ಪ್ಯಾರಿ ಎಂಬವರನ್ನು ಮದುವೆಯಾದರು. ಸೌದೆ ಕಡಿದುಕೊಡಲು ಒಬ್ಬರಾದರಲ್ಲಾ ಎಂದು ಕರ್ತನಿಗೆ ಸ್ತೋತ್ರ ಹೇಳಿ ಬರೆದುಕೊಂಡರು. 1854ರಲ್ಲಿ ಆತನೂ ಮತ್ತೊಬ್ಬಾಕೆಯನ್ನು ತಂದನು.

ಈ ಕಣ್ಣೀರನ್ನು ಮಾರ್ಮನರ ವಿರುದ್ಧ ವಾದಕ್ಕೆ ಬಳಸಿಕೊಳ್ಳುವುದು ಸುಲಭ. ನಾವು ಅದನ್ನು ಮಾಡಬಾರದು. ಆಕೆ ತನ್ನ ವಿಶ್ವಾಸವನ್ನು ಬಿಡಲಿಲ್ಲ. ಬೇರೆಯವರ ದುಃಖವನ್ನು ಅವರ ಒಪ್ಪಿಗೆಯಿಲ್ಲದ ತೀರ್ಮಾನಕ್ಕೆ ಸಾಕ್ಷಿಯಾಗಿ ಎಳೆದು ತರುವುದು ನ್ಯಾಯವಲ್ಲ. ನಾವು ಕೇಳಬೇಕಾದದ್ದು ಬೇರೊಂದು ಪ್ರಶ್ನೆ. ಅಬ್ರಹಾಮ, ಯಾಕೋಬರ ಮಾದರಿಯನ್ನು ತೋರಿಸಿದವರು ಆದಿಕಾಂಡವನ್ನು ಪೂರ್ತಿಯಾಗಿ ಓದಿದರೇ? 29ನೆಯ ಅಧ್ಯಾಯದಲ್ಲಿ ಲೇಯಳು ತನ್ನ ಮಕ್ಕಳಿಗೆ ಇಡುವ ಹೆಸರುಗಳನ್ನು ನೋಡಿರಿ. ರೂಬೇನ್, ಸಿಮೆಯೋನ್, ಲೇವಿ: ಒಂದೊಂದು ಹೆಸರೂ ಗಂಡನ ಪ್ರೀತಿ ದೊರೆಯದವಳ ದಿನಚರಿಯ ಒಂದೊಂದು ಸಾಲು. ಶಾಸ್ತ್ರವು ಪಿತೃಗಳ ಮದುವೆಗಳನ್ನು ಬರೆದ ಕೈಯಿಂದಲೇ ಅವರ ಹೆಂಡಂದಿರ ಅಳಲನ್ನೂ ಬರೆದಿದೆ. ಒಂದನ್ನು ವಿಧಿಯಾಗಿಸಿಕೊಂಡು ಇನ್ನೊಂದನ್ನು ಓದದೆ ಬಿಟ್ಟವರು ಮಾರ್ಮನರು ಮಾತ್ರವೇ ಅಲ್ಲ.

ಭಾರತದ ಮಿಷನ್ ಚರಿತ್ರೆಯಲ್ಲಿ ಇಬ್ಬರು ಹೆಂಡಂದಿರಿದ್ದವನು ದೀಕ್ಷಾಸ್ನಾನ ಕೇಳಿದಾಗ ಏನು ಮಾಡಬೇಕೆಂಬುದು ದೊಡ್ಡ ಚರ್ಚೆಯಾಗಿತ್ತು. ಒಬ್ಬಳನ್ನು ಬಿಡಬೇಕೆಂದವರಿದ್ದರು, ಬಿಡಿಸುವುದು ಕ್ರೂರವೆಂದವರಿದ್ದರು. ಇಬ್ಬರ ಕಡೆಯಲ್ಲಿಯೂ ಶಾಸ್ತ್ರವಚನಗಳಿದ್ದವು. ಬಿಡಲ್ಪಟ್ಟವಳು ಆ ಸಂಜೆ ಯಾರ ಮನೆಯ ಬಾಗಿಲಿಗೆ ಹೋದಳು, ಅವಳ ಮಕ್ಕಳಿಗೆ ಕಾಳು ಯಾರು ಅಳೆದರು? ಅವಳ ಕೈಬರಹದ ವಹಿ ನಮ್ಮಲ್ಲಿಲ್ಲ. ನಮ್ಮ ಬೋಧನೆ ಮಾರ್ಮನರದಕ್ಕಿಂತ ಶುದ್ಧವಾಗಿರಬಹುದು. ಅದರ ಭಾರ ಯಾರ ಮೇಲೆ ಬಿತ್ತೆಂದು ತಿಳಿಯುವ ಸಾಧನದಲ್ಲಿ ನಾವು ಅವರಿಗಿಂತ ಬಡವರು.

ಬಡತನಕ್ಕೆ ಕಾರಣ ಸ್ಪಷ್ಟವಾಗಿಯೇ ಇದೆ. 2011ರ ಜನಗಣತಿಯಲ್ಲಿಯೂ ಕಲಬುರಗಿ ಜಿಲ್ಲೆಯ ಸ್ತ್ರೀಯರಲ್ಲಿ ಅಕ್ಷರಸ್ಥರು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ನೆನೆಯಬಹುದು. ಕೂಲಿ ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ನಾಡು ಅವರನ್ನು ಕೊಂಡಾಡಿತು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನ, ತೀರಿಕೊಂಡರು. ಶಾಲೆ ಕಾಣದ ಅವರು ವಹಿ ಬರೆದವರಲ್ಲ. ಪ್ಯಾಟಿಯವರ ಸಾಲುಗಳಲ್ಲಿ ಯಾವ ಮಗು, ಯಾವ ದಿನ, ಯಾರ ಮನೆ ಎಂಬುದಿದೆ. ನರಸಮ್ಮನವರ ಕೈಗೆ ಬಂದ ಮಕ್ಕಳದು ಒಟ್ಟು ಸಂಖ್ಯೆಯಷ್ಟೇ ಉಳಿಯಿತು. ವಿಮೋಚನಕಾಂಡದ ಮೊದಲನೆಯ ಅಧ್ಯಾಯವು ಫರೋಹನ ಹೆಸರನ್ನು ಹೇಳದೆ ಶಿಪ್ರಾ, ಪೂಗಾ ಎಂಬ ಸೂಲಗಿತ್ತಿಯರ ಹೆಸರನ್ನು ಹೇಳುವುದು ಈ ಹಿನ್ನೆಲೆಯಲ್ಲಿ ಸಾಮಾನ್ಯ ಸಂಗತಿಯಲ್ಲ.

ಈಗ ಹೆರಿಗೆಗಳು ಆಸ್ಪತ್ರೆಗೆ ಹೋಗಿವೆ. ಸೂಲಗಿತ್ತಿಯ ಕೆಲಸ ಬಲ್ಲ ತಾಯಂದಿರು ಕಮಲಾಪುರದ ಕಡೆಯ ಹಳ್ಳಿಗಳಲ್ಲಿ ಇನ್ನೂ ಇದ್ದರೆ ಅವರು ವೃದ್ಧರು. ಆದುದರಿಂದ ಸೆಮಿನರಿಯ ವಿದ್ಯಾರ್ಥಿಗಳು ರಜೆಯ ದಿನಗಳಲ್ಲಿ ಊರಿಗೆ ಹೋದಾಗ ಇನ್ನೂರು ಪುಟದ ನೋಟುಪುಸ್ತಕವೊಂದನ್ನು ಒಯ್ಯಲಿ ಎಂಬುದು ನಮ್ಮ ಸಲಹೆ. ಅಜ್ಜಿ ಹೇಳಲಿ, ಮೊಮ್ಮಗಳು ಬರೆಯಲಿ. ಮೊದಲೇ ಪ್ರಶ್ನೆಗಳ ಪಟ್ಟಿ ಬೇಡ. ಇಂದು ಏನೇನು ಮಾಡಿದಿರಿ ಎಂಬಷ್ಟರಿಂದ ಆರಂಭಿಸಿದರೆ ಸಾಕು. ಸಾಕ್ಷಿ ಹೇಳಿರೆಂದು ಕೇಳಿದರೆ ಆರಾಧನೆಯಲ್ಲಿ ಹೇಳಿ ಹೇಳಿ ರೂಢಿಯಾದ ಮಾತುಗಳೇ ಬರುತ್ತವೆ, ರೊಟ್ಟಿ ಬಡಿದದ್ದು, ತೊಗರಿ ಹೊಲಕ್ಕೆ ಹೋದದ್ದು ಬರುವುದಿಲ್ಲ. ಕಲಬುರಗಿಯ ಕಡೆಯ ಮಾತನ್ನು, ಅದರಲ್ಲಿ ಬೆರೆತಿರುವ ಉರ್ದು ಶಬ್ದಗಳ ಸಮೇತ, ಇದ್ದ ಹಾಗೆಯೇ ಬರೆಯಬೇಕು. ಪ್ರಸಂಗದ ಕನ್ನಡಕ್ಕೆ ತಿದ್ದಬಾರದು. ತಾರೀಖು ತಿಳಿಯದಿದ್ದರೆ ಹಬ್ಬ, ಬರ, ಮದುವೆಗಳನ್ನು ಹಿಡಿದು ಕಾಲವನ್ನು ಗುರುತಿಸಬಹುದು.

ಪಾಲಕರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಗುಟ್ಟಾಗಿ ಪಾಲಕರಿಗೆ ಹೇಳಿದ ಮಾತು ನೋಟುಪುಸ್ತಕಕ್ಕೆ ಹೋಗತಕ್ಕದ್ದಲ್ಲ. ಹೆರಿಗೆಯ ಕೋಣೆಯಲ್ಲಿ ಕಂಡದ್ದರಲ್ಲಿ ಹೇಳಬಾರದ್ದು ಯಾವುದೆಂದು ಸೂಲಗಿತ್ತಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರು ನಿಲ್ಲಿಸಿದಲ್ಲಿ ಬರೆಯುವವರೂ ನಿಲ್ಲಿಸಬೇಕು. ಬರೆದು ಮುಗಿಸಿದ್ದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ, ತೆಗೆಯಬೇಕೆಂದದ್ದನ್ನು ತೆಗೆದು, ಮೂಲ ಪುಸ್ತಕವನ್ನು ಮನೆಯವರಿಗೇ ಕೊಡಬೇಕು. ಅವರು ಒಪ್ಪಿದರೆ ಒಂದು ಪ್ರತಿಯನ್ನು ದೀಕ್ಷಾಸ್ನಾನದ ದಾಖಲೆಪುಸ್ತಕವಿರುವ ಅಲ್ಮಾರಿಯಲ್ಲಿ, ಅದರ ಪಕ್ಕದಲ್ಲಿಯೇ, ಇಡಬಹುದು.