ಬಲಗಾಲು ಎಲ್ಲಿದೆ? ವೀಲಿ ಕಲಿಯೋ ಖುಷಿಯ ಬಗ್ಗೆ ಒಂದಿಷ್ಟು ಮಾತು

ಸಾಮಾನ್ಯವಾಗಿ ನಾನಿಲ್ಲಿ ಚೈನ್ ಕ್ಲೀನಿಂಗು, ಟೈರು, ಪುಣೆಯಿಂದ ಹುಬ್ಬಳ್ಳಿ ತನಕದ ಹೈವೇ, ಇಂಥದ್ದನ್ನೇ ಮಾತಾಡ್ತೀನಿ. ಇವತ್ತಿನ ವಿಷಯ ಬೇರೆ. ಮಾತಾಡಬೇಕೋ ಬೇಡವೋ ಅಂತ ಎರಡು ತಿಂಗಳು ಯೋಚನೆ ಮಾಡಿದ್ದೀನಿ.

ದಸರಾ ಹೊತ್ತಿಗೆ ನನ್ನ ಅಕ್ಕನ ಮಗ ಹುಬ್ಬಳ್ಳಿಯಿಂದ ವಾಟ್ಸಾಪಿನಲ್ಲಿ ಹನ್ನೊಂದು ಸೆಕೆಂಡಿನ ಒಂದು ವೀಡಿಯೊ ಕಳಿಸಿದ. ಅವನಿಗೆ ಹದಿನೇಳು, ಪಿಯು ಎರಡನೇ ವರ್ಷ. ಬೆಳಗಿನ ಹೊತ್ತು, ಬೈಪಾಸ್ ರೋಡು. ಅಕ್ಕನ ಸ್ಕೂಟರ್, ಹಿಂದೆ ಒಬ್ಬ ಗೆಳೆಯ. ಇಬ್ಬರಿಗೂ ಹೆಲ್ಮೆಟ್ ಇಲ್ಲ. ಮುಂದಿನ ಚಕ್ರ ಒಂದೆರಡು ಅಡಿ ಎದ್ದು, ಸ್ವಲ್ಪ ದೂರ ಹಾಗೇ ಹೋಗಿ, ಧಡ್ ಅಂತ ಕೆಳಗೆ ಬಿತ್ತು. ಕೆಳಗೆ ಬೆಂಕಿಯ ಇಮೋಜಿ ಮೂರು.

ಫೋನ್ ಮಾಡಿ ಬೈದೆ. ಎಲ್ಲಾ ಕೇಳಿಸ್ಕೊಂಡು ಅವ ಒಂದೇ ಮಾತು ಅಂದ: "ಮಾಮಾ, ನೀ ಮಾಡಿದ್ರ ನಡೀತದ, ನಾ ಮಾಡಿದ್ರ ಯಾಕ ನಡ್ಯಾಂಗಿಲ್ಲ?"

ನನ್ನ ಬಾಯಿ ಕಟ್ಟಿತು. ಯಾಕಂದ್ರೆ ಎರಡು ವರ್ಷದಿಂದ ಭಾನುವಾರ ಬೆಳಗ್ಗೆ ನಾನು ಮಾಡ್ತಿರೋದು ಅದೇ. ಚಾಕಣ ಕಡೆ ಗೆಳೆಯನ ಗೋಡೌನ್ ಹಿಂದೆ ಸುಮಾರು ನೂರೈವತ್ತು ಮೀಟರ್ ಉದ್ದದ ಕಾಂಕ್ರೀಟ್ ಅಂಗಳ ಇದೆ, ಸುತ್ತ ಕಾಂಪೌಂಡು, ಗೇಟಿಗೆ ಬೀಗ. ಅಲ್ಲಿ ನನ್ನ ಹಳೇ ಡ್ಯೂಕ್ 200 ಇಟ್ಕೊಂಡು ಮುಂದಿನ ಚಕ್ರ ಎತ್ತೋದು ಕಲಿತಿದ್ದೀನಿ, ಮೂವತ್ತಾರನೇ ವಯಸ್ಸಿಗೆ. ಮಗಳಿಗೆ ಇದೊಂದು ದೊಡ್ಡ ತಮಾಷೆ. ಹುಡುಗನಿಗೆ 'ಅದರಲ್ಲಿ ಏನೂ ಮಜಾ ಇಲ್ಲ' ಅಂತ ಹೇಳಿದ್ದರೆ ಅದು ಸುಳ್ಳಾಗ್ತಿತ್ತು, ಅವನಿಗೆ ಗೊತ್ತೂ ಆಗ್ತಿತ್ತು. ಮಜಾ ಇದೆ. ಎಲ್ಲಿದೆ ಅನ್ನೋದನ್ನ ಅವನಿಗೆ ಸರಿಯಾಗಿ ಹೇಳಬೇಕಿತ್ತು. ಅದನ್ನೇ ಇಲ್ಲಿ ಹೇಳ್ತೀನಿ.

ಮೊದಲು ಒಂದು ಶಬ್ದದ ವಿಚಾರ. ನಮ್ಮ ಪೇಪರು, ಟಿವಿ, ಪೊಲೀಸರು ಎಲ್ಲರೂ 'ವೀಲಿಂಗ್' ಅಂತಾರೆ. ಆ ಶಬ್ದ ಕೇಳಿದ ತಕ್ಷಣ ಕಣ್ಣಿಗೆ ಬರೋದು ರೋಡು, ಪುಂಡರು, ಲಾಠಿ. ಅಭ್ಯಾಸ ಮಾಡೋರು ಹೇಳೋದು 'ವೀಲಿ'. ನಾನೂ ಹಾಗೇ ಅಂತೀನಿ.

ಚಕ್ರ ಯಾಕೆ ಏಳುತ್ತೆ? ನಿಂತಿರೋ ಬಸ್ಸು ಜಗ್ಗಿ ಹೊರಟಾಗ ನಿಮಗೆ ಏನಾಗುತ್ತೆ ನೆನಪಿಸ್ಕೊಳ್ಳಿ. ಕಾಲು ಮುಂದೆ ಹೋಗುತ್ತೆ, ಮೈ ಹಿಂದೆ ವಾಲುತ್ತೆ. ಬೈಕಿಗೂ ಅದೇ. ಹಿಂದಿನ ಟೈರಿಗೆ ನೆಲ ಕೊಡೋ ನೂಕು ರೋಡಿನ ಮಟ್ಟದಲ್ಲಿದೆ, ಗಾಡಿ ಮತ್ತೆ ನಿಮ್ಮ ಒಟ್ಟು ಭಾರದ ಕೇಂದ್ರ ಅದಕ್ಕಿಂತ ಎರಡು ಅಡಿ ಮೇಲಿದೆ. ಕೆಳಗೆ ನೂಕು, ಮೇಲೆ ಭಾರ, ಹಾಗಾಗಿ ಇಡೀ ಗಾಡಿ ಹಿಂದಕ್ಕೆ ಮಗುಚೋಕೆ ನೋಡುತ್ತೆ. ಆ ಭಾರದ ಕೇಂದ್ರ ನೆಲದಿಂದ ಎಷ್ಟು ಎತ್ತರ ಇದೆಯೋ, ಹಿಂದಿನ ಟೈರು ನೆಲ ಮುಟ್ಟೋ ಜಾಗದಿಂದ ಅಷ್ಟೇ ಮುಂದೆ ಇದೆ ಅಂದ್ಕೊಳ್ಳಿ. ಆಗ ಚಕ್ರ ಏಳೋಕೆ ಬೇಕಾದ ವೇಗವರ್ಧನೆ ಗುರುತ್ವಾಕರ್ಷಣೆಯಷ್ಟೇ, ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್. ಆ ಲೆಕ್ಕದಲ್ಲಿ ಓಡಿದರೆ ಸೊನ್ನೆಯಿಂದ 100 ಕಿ.ಮೀ. ವೇಗಕ್ಕೆ ಮೂರು ಸೆಕೆಂಡೂ ಬೇಡ! 200 ಸಿಸಿ ಗಾಡಿ ಬರೀ ರೇಸ್ ಕೊಟ್ಟರೆ ಸಲೀಸಾಗಿ ಏಳಲ್ಲ. ಅದಕ್ಕೇ ಕ್ಲಚ್ಚು. ನಡಿಗೆಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ಹೋಗ್ತಾ, ಒಂದು ಬೆರಳಲ್ಲಿ ಕ್ಲಚ್ ಒತ್ತಿ, ಎಂಜಿನ್ ಸುತ್ತು ಏರಿಸಿ, ಪಟ್ ಅಂತ ಬಿಟ್ಟರೆ ಒಳಗೆ ತಿರುಗ್ತಾ ಇರೋ ಭಾರದ ಶಕ್ತಿಯೂ ಸೇರಿ ಒಂದು ಜಗ್ಗು ಸಿಗುತ್ತೆ. ಮುಂದಿನ ಚಕ್ರ ನೆಲ ಬಿಡುತ್ತೆ.

ಸ್ಕೂಟರಲ್ಲಿ ಇದೂ ಬೇಡ. ಎಂಜಿನ್ನೇ ಹಿಂದಿನ ಚಕ್ರದ ಹತ್ತಿರ, ಹಿಂದೆ ಇನ್ನೊಬ್ಬ ಕೂತರೆ ಅರ್ಧ ಕೆಲಸ ಆದಂಗೆ. ಹುಡುಗರು ಅಮ್ಮನ ಸ್ಕೂಟರನ್ನೇ ಹುಡುಕೋದು ಅದಕ್ಕೇ.

ಅಂದ್ರೆ ಎತ್ತೋದು ಕಷ್ಟದ ಭಾಗವೇ ಅಲ್ಲ. ಕಷ್ಟ ಅದರ ನಂತರ ಶುರುವಾಗುತ್ತೆ. ಮನೆಗೆ ಗ್ಯಾಸ್ ತರೋ ಹುಡುಗ ಸಿಲಿಂಡರನ್ನ ಹೇಗೆ ಉರುಳಿಸ್ತಾನೆ ನೋಡಿದ್ದೀರಲ್ಲ? ಸ್ವಲ್ಪ ವಾಲಿಸಿ, ಅಂಚಿನ ಮೇಲೆ ನಿಲ್ಲಿಸಿ, ಒಂದೇ ಕೈಯಲ್ಲಿ ತಿರುಗಿಸ್ತಾ ಹೋಗ್ತಾನೆ. ಮೊದಲು ವಾಲಿಸೋಕೆ ಜೋರು ಬೇಕು. ವಾಲಿಸ್ತಾ ಹೋದಂಗೆ ಭಾರ ಕಮ್ಮಿ ಆಗುತ್ತೆ. ಒಂದು ಜಾಗದಲ್ಲಿ ಕೈಗೆ ಭಾರವೇ ಇರಲ್ಲ. ಅದನ್ನ ದಾಟಿದರೆ ಕಾಲ ಮೇಲೆ ಬೀಳುತ್ತೆ. ವೀಲಿಯಲ್ಲೂ ಆ ಜಾಗ ಇದೆ, ಬ್ಯಾಲೆನ್ಸ್ ಪಾಯಿಂಟ್ ಅಂತಾರೆ. ಆಗಲೇ ಹೇಳಿದ ಅಳತೆಯ ಗಾಡಿಗೆ ಅದು ಸುಮಾರು 45 ಡಿಗ್ರಿ. ಭಾರ ನೇರ ಹಿಂದಿನ ಟೈರಿನ ಮೇಲೆ ಬಂದು ಕೂರುತ್ತೆ, ಅಲ್ಲಿ ವೇಗ ಏರಿಸೋದೇ ಬೇಕಾಗಿಲ್ಲ.

ಅಪಾಯ ಇರೋದು ಇಲ್ಲೇ. ಚಕ್ರ ಏರ್ತಾ ಹೋದಂಗೆ ಬೇಕಾದ ಜೋರು ಕಮ್ಮಿ ಆಗುತ್ತೆ, ಆದ್ರೆ ನಿಮ್ಮ ಬಲಗೈ ಮಾತ್ರ ಮೊದಲಿನಷ್ಟೇ ರೇಸ್ ಹಿಡಿದಿರುತ್ತೆ. ಗಾಡಿ ಇನ್ನೂ ಬೇಗ ಏರುತ್ತೆ. ನೀವು ಸೀಟಿನ ಮೇಲೆ ಹಿಂದಕ್ಕೆ ಜಾರ್ತೀರಿ, ಹೆದರಿ ಹ್ಯಾಂಡಲ್ ಗಟ್ಟಿ ಹಿಡೀತೀರಿ, ಜಾರೋ ಮೈ ಕೈಯನ್ನ ಜಗ್ಗುತ್ತೆ, ರೇಸ್ ಇನ್ನಷ್ಟು ತಿರುಗುತ್ತೆ. ಭಯ ಬಂದಾಗ ಮೈ ತಾನಾಗೇ ಮಾಡೋ ಕೆಲಸ ಇಲ್ಲಿ ಪೂರ್ತಿ ಉಲ್ಟಾ. ಅಲ್ಲಿಂದ ವಾಪಸ್ ತರೋದು ಒಂದೇ, ಹಿಂದಿನ ಬ್ರೇಕು. ಅದನ್ನ ಮುಟ್ಟಿದರೆ ನೆಲದ ಬಲ ಈಗ ಹಿಮ್ಮುಖ ಆಗುತ್ತೆ, ಬಸ್ಸು ಬ್ರೇಕ್ ಹಾಕಿದಂಗೆ ಮೇಲಿನ ಭಾರ ಮುಂದೆ ವಾಲುತ್ತೆ, ಮೂತಿ ಕೆಳಗಿಳಿಯುತ್ತೆ. ಮೆತ್ತಗೆ ಮುಟ್ಟಿದರೆ ಮೆತ್ತಗೆ ಇಳಿಯುತ್ತೆ, ಒದ್ದರೆ ಧಡ್ ಅಂತ ಬೀಳುತ್ತೆ.

ನನ್ನ ಗುರು ನನಗಿಂತ ಎಂಟು ವರ್ಷ ಚಿಕ್ಕವ, ಮರಾಠಿ ಹುಡುಗ. ಮೊದಲ ಮೂರು ಭಾನುವಾರ ನನಗೆ ಒಂದು ಅಡಿಗಿಂತ ಮೇಲೆ ಎತ್ತೋಕೆ ಬಿಡಲಿಲ್ಲ. ಎತ್ತು, ಗಾಳಿಯಲ್ಲಿರುವಾಗಲೇ ಬ್ರೇಕ್ ಮುಟ್ಟು, ಇಳಿಸು. ಮತ್ತೆ ಎತ್ತು. ಒಂದು ಬೆಳಗ್ಗೆಗೆ ನಲವತ್ತು ಸಲ. ದೂರ ನಿಂತ್ಕೊಂಡು ಕೂಗೋದು ಒಂದೇ ಮಾತು: "ಪಾಯ್ ಕುಠೆ ಆಹೇ?" ಕಾಲೆಲ್ಲಿದೆ? ಬಲಗಾಲಿನ ತುದಿ ಬ್ರೇಕ್ ಪೆಡಲ್ ಮೇಲೆ ಇದೆಯಾ ಅಂತ. ನನಗೆ ಬೇಜಾರಾಗ್ತಿತ್ತು. ಸರ್ಕಸ್ ಕಲಿಯೋಕೆ ಬಂದರೆ ಬ್ರೇಕ್ ಒತ್ತೋದು ಹೇಳ್ಕೊಡ್ತಾನಲ್ಲ ಅಂತ.

ನಾಲ್ಕನೇ ತಿಂಗಳಲ್ಲಿ ಒಂದು ದಿನ ಅವನು ಚಹಾ ತರೋಕೆ ಹೋಗಿದ್ದ. ಒಬ್ಬನೇ ಇದ್ದೀನಿ, ಇವತ್ತು ಮೇಲಕ್ಕೆ ಹೋಗೇ ಬಿಡೋಣ ಅಂತ ಕ್ಲಚ್ ಬಿಟ್ಟೆ. ಹೋಯ್ತು. ನೆಲ ಕಾಣಲಿಲ್ಲ, ಬರೀ ಆಕಾಶ. ಬಲಗಾಲು ಒತ್ತಿದೆ, ಪೆಡಲ್ ಸಿಗಲಿಲ್ಲ. ಪಾದ ಹಿಂದೆ ಸರಿದು ಫುಟ್‌ರೆಸ್ಟ್ ಮೇಲಿತ್ತು. ಗಾಡಿ ನನ್ನ ಕೆಳಗಿಂದ ಮುಂದೆ ಹೋಯ್ತು, ನಾನು ಬೆನ್ನ ಮೇಲೆ ಬಿದ್ದೆ, ಎಡಗೈ ಊರಿದೆ. ಮಣಿಕಟ್ಟು ಮುರೀತು, ಆರು ವಾರ ಪ್ಲಾಸ್ಟರ್. ಹೆಲ್ಮೆಟ್ಟಿನ ಹಿಂಭಾಗದಲ್ಲಿ ಅಂಗೈ ಅಗಲದ ಗೀರು. ಅದನ್ನ ಬಿಸಾಕದೆ ಕಪಾಟಿನ ಮೇಲೆ ಇಟ್ಟಿದ್ದೀನಿ. ಆ ಅಂಗಳದಲ್ಲಿ ಹಿಂದಿನಿಂದ ಬರೋ ಲಾರಿ ಇರಲಿಲ್ಲ, ಅದಕ್ಕೇ ಇವತ್ತು ಇದನ್ನ ಹೇಳ್ತಿದ್ದೀನಿ.

ವಾಪಸ್ ಹೋದಾಗ ಮತ್ತೆ ಒಂದಡಿಯಿಂದ ಶುರು ಮಾಡಿದೆ. ಈ ಸಲ ಬೇಜಾರಾಗಲಿಲ್ಲ. ನಲವತ್ತು ಸಲ ಎತ್ತಿ ಇಳಿಸುವಾಗ ಪ್ರತಿ ಸಲವೂ ಒಂಚೂರು ಬೇರೆ ಇರುತ್ತೆ ಅಂತ ಗೊತ್ತಾಗೋಕೆ ಶುರುವಾಯ್ತು. ಪಾದ ತಾನಾಗೇ ಕಲೀತು. ಆಮೇಲೆ ಒಂದು ಭಾನುವಾರ, ಏಳೂವರೆ ಇರಬೇಕು, ಚಕ್ರ ಎದ್ದಿತು, ಬ್ರೇಕ್ ಸ್ವಲ್ಪ ಮುಟ್ಟಿದೆ, ಇಳಿಯಲಿಲ್ಲ. ಒಂಚೂರು ರೇಸ್ ಕೊಟ್ಟೆ, ಏರಲಿಲ್ಲ. ನಿಂತಿತ್ತು. ಎಲ್ಲರೂ ವೀಲಿ ಅಂದ್ರೆ ಗದ್ದಲ ಅಂದ್ಕೊಳ್ತಾರೆ. ಆದ್ರೆ ಬ್ಯಾಲೆನ್ಸ್ ಪಾಯಿಂಟಿನಲ್ಲಿ ಎಂಜಿನ್ ಸದ್ದು ಇಳಿದುಬಿಡುತ್ತೆ, ಯಾಕಂದ್ರೆ ಅದಕ್ಕೆ ಕೆಲಸವೇ ಇಲ್ಲ. ಮುಂದಿನ ಚಕ್ರ ಗಾಳಿಯಲ್ಲಿ ತನ್ನಷ್ಟಕ್ಕೆ ತಿರುಗೋ ಸದ್ದು ಕೇಳಿಸ್ತು. ಎರಡೋ ಮೂರೋ ಸೆಕೆಂಡ್. ಬಲಗಾಲು ಮತ್ತೆ ಬಲಗೈ ತಮ್ಮ ತಮ್ಮಲ್ಲೇ ಮಾತಾಡ್ಕೊಳ್ತಿದ್ದವು, ನನ್ನನ್ನ ಕೇಳಲಿಲ್ಲ. ಇಳಿಸುವಾಗ ಕೊನೇ ಗಳಿಗೆಯಲ್ಲಿ ಒಂದು ಚಿಟಿಕೆ ರೇಸ್, ಹ್ಯಾಂಡಲ್ ನೇರ, ಮುಂದಿನ ಬ್ರೇಕಿನಿಂದ ಬೆರಳು ದೂರ. ಟೈರು ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ. ಹೆಲ್ಮೆಟ್ ಒಳಗೆ ಜೋರಾಗಿ ನಕ್ಕುಬಿಟ್ಟೆ. ಆಫೀಸು, ಇಎಂಐ ಯಾವುದೂ ಆ ಮೂರು ಸೆಕೆಂಡಲ್ಲಿ ಇರಲಿಲ್ಲ.

ಅಮೆರಿಕದ ಡೌಗ್ ಡೊಮೊಕೊಸ್ 1984ರಲ್ಲಿ ಟ್ಯಾಲಡೀಗಾ ರೇಸ್ ಟ್ರ್ಯಾಕಿನಲ್ಲಿ 145 ಮೈಲಿ, ಅಂದ್ರೆ ಸುಮಾರು 233 ಕಿ.ಮೀ. ಒಂದೇ ಚಕ್ರದ ಮೇಲೆ ಓಡಿಸಿದ್ದ. 1991ರಲ್ಲಿ ಜಪಾನಿನ ಯಾಸುಯುಕಿ ಕುಡೋ 331 ಕಿ.ಮೀ. ಹೋದ. ಮೊದಲು ಇವು ನನಗೆ ಬರೀ ದಾಖಲೆ ಪುಸ್ತಕದ ಅಂಕಿಗಳು. ಈಗ ಆ ಬಲಗಾಲನ್ನ ನೆನೆಸ್ಕೊಂಡರೆ ಕೈ ಮುಗಿಯೋಣ ಅನ್ಸುತ್ತೆ. ಇಬ್ಬರೂ ಮಾಡಿದ್ದು ಮುಚ್ಚಿದ ಟ್ರ್ಯಾಕಿನಲ್ಲಿ.

ಗಾಡಿಗೂ ಖರ್ಚಿದೆ, ಅದನ್ನೂ ಹೇಳ್ಬಿಡ್ತೀನಿ. ಕ್ಲಚ್ ಪ್ಲೇಟು, ಚೈನ್ ಸ್ಪ್ರಾಕೆಟ್, ಫೋರ್ಕಿನ ಆಯಿಲ್ ಸೀಲ್, ಕೋನ್‌ಸೆಟ್, ಎಲ್ಲಾ ಬೇಗ ಹೋಗುತ್ತೆ. ಮೂತಿ ತುಂಬ ಹೊತ್ತು ಮೇಲಿದ್ದರೆ ಎಂಜಿನ್ ಆಯಿಲ್ ಹಿಂದಕ್ಕೆ ಹರಿದು ಪಂಪಿಗೆ ಸಿಗದೇ ಹೋಗಬಹುದು. ಎಬಿಎಸ್ ಇರೋ ಗಾಡಿಯಲ್ಲಿ ಎರಡು ಚಕ್ರದ ವೇಗ ಬೇರೆ ಬೇರೆ ಆದಾಗ ಹಿಂದಿನ ಬ್ರೇಕ್ ಬೇಕಾದಾಗ ಕೈಕೊಡಬಹುದು. ಅದಕ್ಕೇ ಅಭ್ಯಾಸದ ಗಾಡಿ ಬೇರೆ, ಆಫೀಸಿಗೆ ಹೋಗೋ ಗಾಡಿ ಬೇರೆ.

ಇಷ್ಟೆಲ್ಲಾ ಆದ ಮೇಲೆ ಹುಡುಗನ ವೀಡಿಯೊ ಇನ್ನೊಂದು ಸಲ ನೋಡಿದೆ. ಚಕ್ರ ಎಷ್ಟು ಎತ್ತರ ಎದ್ದಿದೆ ಅಂತ ನೋಡಲಿಲ್ಲ. ಸ್ಕೂಟರಲ್ಲಿ ಹಿಂದಿನ ಬ್ರೇಕು ಎಡಗೈಯಲ್ಲಿರುತ್ತೆ, ಅಲ್ಲಿ ನಿಲ್ಲಿಸಿ, ದೊಡ್ಡದು ಮಾಡಿ ನೋಡಿದೆ. ನಾಲ್ಕೂ ಬೆರಳು ಹ್ಯಾಂಡಲ್ ಸುತ್ತ ಬಿಗಿದಿದ್ದವು. ಬ್ರೇಕ್ ಮೇಲೆ ಒಂದೂ ಇರಲಿಲ್ಲ. ಅವನು ಇಳಿಸಿರಲಿಲ್ಲ, ಅದಾಗೇ ಬಿದ್ದಿತ್ತು.

ಆ ಸ್ಕ್ರೀನ್‌ಶಾಟ್ ಅವನಿಗೆ ಕಳಿಸಿದೆ, ನನ್ನ ಹೆಲ್ಮೆಟ್ಟಿನ ಫೋಟೋ ಜೊತೆ. ಕಾನೂನೂ ಹೇಳಿದೆ. ಅಪಾಯಕಾರಿ ಚಾಲನೆಗೆ ಸೆಕ್ಷನ್ 184 ಇದೆ, ಅದಕ್ಕಿಂತ ದೊಡ್ಡದು 2019ರ ತಿದ್ದುಪಡಿಯಲ್ಲಿ ಬಂದ 199ಎ. ಅಪ್ರಾಪ್ತ ಗಾಡಿ ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ರಿಜಿಸ್ಟ್ರೇಷನ್ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ತುಂಬೋ ತನಕ ಲೈಸೆನ್ಸ್ ಇಲ್ಲ. ಸ್ಕೂಟರ್ ಅಕ್ಕನ ಹೆಸರಲ್ಲಿದೆ. "ಅವ್ವನ್ನ ಒಳಗ ಹಾಕ್ತಾರಂತೇನು?" ಅಂದ, ಮೊದಲನೇ ಸಲ ದನಿ ಸಣ್ಣದಾಯ್ತು. ಜನರ ಸಿಟ್ಟು ಇನ್ನೊಂದು ಕಡೆ. 2024ರ ಆಗಸ್ಟ್‌ನಲ್ಲಿ ನೆಲಮಂಗಲದ ಹತ್ತಿರ ವೀಲಿಂಗ್ ಮಾಡ್ತಿದ್ದವರ ಸ್ಕೂಟರುಗಳನ್ನ ಜನರೇ ಫ್ಲೈಓವರ್ ಮೇಲಿಂದ ಕೆಳಗೆ ಎಸೆದಿದ್ದು ನೀವೂ ನೋಡಿರ್ತೀರಿ. ಎಸೆದದ್ದು ಸರಿ ಅಂತ ನಾನು ಹೇಳಲ್ಲ. ಆದ್ರೆ ಮಗು ಕೂರಿಸ್ಕೊಂಡು ಆ ರೋಡಲ್ಲಿ ಹೋಗೋನ ಜಾಗದಲ್ಲಿ ನಿಂತು ನೋಡಿದರೆ ಸಿಟ್ಟು ಅರ್ಥ ಆಗುತ್ತೆ.

ದೀಪಾವಳಿ ರಜೆಗೆ ಅವನು ಪುಣೆಗೆ ಬಂದ. ಬೈಕ್ ಕೊಡ್ತೀನಿ ಅಂದ್ಕೊಂಡು ಬಂದಿದ್ದ, ನಾನು ಸೈಕಲ್ ಕೊಟ್ಟೆ. ಮುಖ ನೋಡಬೇಕಿತ್ತು! ಸೀಟು ಇಳಿಸಿ, ಹಗುರ ಗೇರಿಗೆ ಹಾಕಿ, ಒಂದು ಬೆರಳು ಯಾವಾಗಲೂ ಹಿಂದಿನ ಬ್ರೇಕ್ ಮೇಲೆ ಅಂತ ಹೇಳಿ ಅದೇ ಅಂಗಳದಲ್ಲಿ ಬಿಟ್ಟೆ. ಸೈಕಲ್ಲಿನಲ್ಲೂ ಬ್ಯಾಲೆನ್ಸ್ ಪಾಯಿಂಟ್ ಅದೇ, ಬ್ರೇಕಿನ ಕೆಲಸವೂ ಅದೇ. ತಪ್ಪಿದರೆ ಹಿಂದೆ ಕಾಲೂರಿ ನಿಲ್ಲಬಹುದು, ಅಷ್ಟೇ ವ್ಯತ್ಯಾಸ. ಮೊದಲ ಒಂದು ಗಂಟೆ ಮುನಿಸ್ಕೊಂಡೇ ಮಾಡಿದ. ಆಮೇಲೆ ಚಹಾಕ್ಕೆ ಕರೆದರೂ ಬರಲಿಲ್ಲ. ದೂರದಿಂದ ನಾನು ಕೂಗ್ತಿದ್ದೆ, "ಬೆರಳು ಎಲ್ಲೈತಿ?"

ಹೋದ ವಾರ ಹುಬ್ಬಳ್ಳಿಯಿಂದ ಹೊಸ ವೀಡಿಯೊ ಬಂತು. ಶಾಲೆ ಮೈದಾನ, ಸೈಕಲ್, ತಲೆ ಮೇಲೆ ಅಕ್ಕನ ಹೆಲ್ಮೆಟ್. ನಾಲ್ಕು ಪೆಡಲ್ ಹೋಗಿ, ಬ್ರೇಕ್ ಮುಟ್ಟಿ, ತಾನೇ ಇಳಿಸಿದ. "ಮಾಮಾ, ನಾಕು ಪೆಡಲ್! ಮೈಯೆಲ್ಲಾ ಜುಮ್ ಅಂತು." ಸ್ಕೂಟರ್ ಕೀಲಿ ಈಗ ಅಕ್ಕನ ಪರ್ಸಿನಲ್ಲಿದೆ. ಜನವರಿಗೆ ಅವನಿಗೆ ಹದಿನೆಂಟು ತುಂಬುತ್ತೆ. ಲೈಸೆನ್ಸ್ ಮಾಡಿಸ್ಕೊಂಡು, ಬೂಟು, ಗ್ಲೌಸು, ಮೊಣಕಾಲಿನ ಗಾರ್ಡು ತಗೊಂಡು ಬಾ ಅಂದಿದ್ದೀನಿ. ಮೊದಲ ಮೂರು ಭಾನುವಾರ ಒಂದೇ ಅಡಿ ಅಂತಾನೂ ಹೇಳಿಟ್ಟಿದ್ದೀನಿ.

ಮುಂದಿನ ವಾರ ಕೋನ್‌ಸೆಟ್ ಸಡಿಲ ಆಗಿದೆಯಾ ಅಂತ ಮನೆಯಲ್ಲೇ ನೋಡೋದು ಹೇಗೆ ಅಂತ ತೋರಿಸ್ತೀನಿ. ನನ್ನದು ಮತ್ತೆ ಹೋಗಿದೆ.