ಗಿಟಾರ್ ಸ್ವರಸ್ಥಾನ: ನೆನಪಿಗೊಂದು ಸುಲಭ ದಾರಿ

ಗಿಟಾರ್ ಕಲಿಯುವ ಬಹುತೇಕರು ಬೆರಳಿಡುವ ಕ್ರಮವನ್ನಷ್ಟೇ ರೂಢಿಸಿಕೊಳ್ಳುತ್ತಾರೆ. ಗಾಯಕರು ಶ್ರುತಿ ಬದಲಿಸಿದೊಡನೆ ತಡವರಿಸುತ್ತಾರೆ. ಸ್ವರಸ್ಥಾನ ತಿಳಿದಿದ್ದರೆ ಈ ಪೇಚಾಟವಿಲ್ಲ.

ಆರು ತಂತಿ, ತಲಾ 12 ಫ್ರೆಟ್ (ವೀಣೆಯ ಮೆಟ್ಟಿಲುಗಳಂತೆ). ಒಟ್ಟು 72 ಸ್ಥಾನಗಳೆಂದರೆ ದಿಗಿಲು ಸಹಜ. ಆದರೆ ಸ್ವರಗಳು 12 ಮಾತ್ರ. ಒಂದನೇ ಹಾಗೂ ಆರನೇ ತಂತಿಗಳೆರಡೂ ‘ಇ’ ಆದ್ದರಿಂದ ಒಂದನ್ನು ಕಲಿತರೆ ಇನ್ನೊಂದು ಬಂದಂತೆಯೇ.

ಮೊದಲು ಆರು ಮತ್ತು ಐದನೇ ತಂತಿಗಳನ್ನು ಬಾಯಿಪಾಠ ಮಾಡುವುದು ಒಳಿತು. ಅಲ್ಲಿಂದ ಒಂದು ತಂತಿ ಬಿಟ್ಟು ಎರಡು ಫ್ರೆಟ್ ಮುಂದೆ ಸರಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ದೊರೆಯುತ್ತದೆ. ಆರನೆಯದರ 3ನೇ ಫ್ರೆಟ್ ‘ಜಿ’. ನಾಲ್ಕನೆಯದರ 5ನೇ ಫ್ರೆಟ್ ಕೂಡ ‘ಜಿ’.

ಹಲವರು ಎಡವುವುದು ಎರಡನೇ ತಂತಿಯಲ್ಲಿ. ಉಳಿದ ತಂತಿಗಳ ನಡುವೆ ಐದು ಅರ್ಧಸ್ವರಗಳ ಅಂತರವಿದ್ದರೆ, ಮೂರು ಮತ್ತು ಎರಡರ ನಡುವೆ ನಾಲ್ಕೇ. ಹಾಗಾಗಿ ನಾಲ್ಕರಿಂದ ಎರಡಕ್ಕೆ, ಮೂರರಿಂದ ಒಂದಕ್ಕೆ ಹೋಗುವಾಗ ಮೂರು ಫ್ರೆಟ್ ಸರಿಯಬೇಕು.