ಹಲ್ಲಿನ ಕಲೆ ಊರಿನ ಪ್ರಶ್ನೆಯಾಗುವುದು ಯಾವಾಗ?

2023ರ ಜುಲೈ ಕೊನೆಯಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದವರು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು, ಕೆಲವರು ಉಳಿಯಲಿಲ್ಲ. ಕೆಲವೇ ದಿನಗಳಲ್ಲಿ ಅದು ರಾಜ್ಯದ ಸುದ್ದಿ. ಇದೇ ಜಿಲ್ಲೆಯ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಎಷ್ಟೋ ಹಳ್ಳಿಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಅದೂ ನೀರಿನದೇ ಕೇಡು. ಆದರೆ ಅದು ಸುದ್ದಿಯಾಗಲು ದಶಕಗಳೇ ಹಿಡಿದವು.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ರಾನೈಟ್, ನೈಸ್ ಬಂಡೆಗಳ ಖನಿಜಗಳಲ್ಲಿರುವ ಅದು, ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಕರಗಿ ಸೇರುತ್ತದೆ. ಕೆರೆ, ಬಾವಿ ಬತ್ತಿ ಬೋರು ಆಳಕ್ಕಿಳಿದಂತೆ ಆ ಹಳೆಯ ನೀರೇ ಮನೆಗೆ ಬಂತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ, ಎನಾಮಲ್ ಬೆಳೆಯುವ ವಯಸ್ಸಿನ ಮಕ್ಕಳ ಹಲ್ಲಿನಲ್ಲಿ ಸುಣ್ಣದಂಥ ಮಚ್ಚೆ ಮೂಡುತ್ತದೆ, ಮುಂದೆ ಕಂದು ಕಲೆಯಾಗುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಬೆನ್ನು, ಮಂಡಿ ಬಿಗಿಯುತ್ತವೆ. ನೀರು ಕುದಿಸಿದರೂ ಅದು ಹೋಗದು. ಆವಿ ಹೋದಷ್ಟೂ ಗಾಢವಾಗುತ್ತದೆ.

ಇಂಥ ನಿಧಾನದ ಕೇಡನ್ನು ಮನೆಮಂದಿ ತಮ್ಮದೇ ಪಾಡೆಂದು ನುಂಗಿಕೊಳ್ಳುತ್ತಾರೆ. ಹುಡುಗಿಗೆ ಹಲ್ಲುಜ್ಜುವುದಿಲ್ಲವೆಂಬ ಬೈಗುಳ, ಅಜ್ಜನಿಗೆ ವಯಸ್ಸಾಯಿತೆಂಬ ಸಮಾಧಾನ. ಕೇಡು ಇದ್ದಮಾತ್ರಕ್ಕೆ ಅದು ಸಾಮಾಜಿಕ ಸಮಸ್ಯೆಯಾಗದು, ಸಮಾಜ ಅದನ್ನು ಗುರುತಿಸಿ ಮನ್ನಣೆ ಕೊಡಬೇಕು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಹರ್ಬರ್ಟ್ ಬ್ಲೂಮರ್ 1971ರಲ್ಲಿ ವಾದಿಸಿದರು. ಫ್ಲೋರೈಡ್ ತರುವ ಈ ಕಾಯಿಲೆಯ, ಅಂದರೆ ಫ್ಲೋರೋಸಿಸ್‌ನ ಚರಿತ್ರೆ ಅದಕ್ಕೆ ಸಾಕ್ಷಿ. ಮದ್ರಾಸ್ ಪ್ರಾಂತ್ಯದ ವೈದ್ಯರು ಅದನ್ನು ವರದಿ ಮಾಡಿದ್ದು 1937ರಲ್ಲಿ. ಅದಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 2008-09ರಲ್ಲಿ. ಎರಡು ತಲೆಮಾರಿನ ಹಲ್ಲುಗಳು ಈ ನಡುವೆ ಕಲೆಗಟ್ಟಿದವು.

ಚಿತ್ರದುರ್ಗದಲ್ಲಿ ಈ ಪ್ರಶ್ನೆಗೆ ಕಸುವು ತುಂಬಿದ್ದು, ಭದ್ರಾ ನದಿಯ ನೀರನ್ನು ಈ ಸೀಮೆಗೆ ತರುವ ಭದ್ರಾ ಮೇಲ್ದಂಡೆ ಯೋಜನೆಗಾಗಿ ನಡೆದ ಹೋರಾಟವೆಂದೇ ನನ್ನ ಎಣಿಕೆ. ಒಂದೊಂದು ಮನೆಯ ನೋವು ರೈತರ ಕೂಗಿನ ಜೊತೆ ಸೇರಿದಾಗ, ಉತ್ತರಿಸಬೇಕಾದವರು ಯಾರೆಂಬುದು ಸ್ಪಷ್ಟವಾಯಿತು. 2023ರ ಕೇಂದ್ರ ಬಜೆಟ್ ಈ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಿಸಿತು. ಕುಡಿಯುವ ನೀರಿಗಾಗಿ ಕೆರೆ ತುಂಬಿಸುವ ಮಾತೂ ಅದರಲ್ಲಿತ್ತು.

ಸರ್ಕಾರಿ ಯೋಜನೆಯ ರೂಪ ತಾಳುವಾಗ ಸಮಸ್ಯೆಯ ಚಹರೆಯೇ ಬದಲಾಗುತ್ತದೆ ಎಂದೂ ಬ್ಲೂಮರ್ ಎಚ್ಚರಿಸಿದ್ದರು. ಇಲ್ಲಿ ಅದು ಕುಡಿಯುವ ನೀರಿನ ಸಮಸ್ಯೆಯಾಯಿತು. ಹಳ್ಳಿಗಳಿಗೆ ಶುದ್ಧ ನೀರಿನ ಘಟಕಗಳು ಬಂದವು, ಜನ ಕ್ಯಾನಿನಲ್ಲಿ ನೀರು ತರುತ್ತಾರೆ. ಬಹಳ ಒಳ್ಳೆಯದಾಯಿತು. ಆದರೆ ಮುದ್ದೆಗೂ ಸಾರಿಗೂ ಬೋರಿನ ನೀರನ್ನೇ ಹಾಕುವ ಮನೆಯಲ್ಲಿ ಫ್ಲೋರೈಡ್ ಊಟದ ಜೊತೆ ಹೊಟ್ಟೆಗೆ ಹೋಗುತ್ತಲೇ ಇರುತ್ತದೆ. ಈಗಾಗಲೇ ಬಿಗಿದ ಕೀಲನ್ನು ಯಾವ ಘಟಕವೂ ಸಡಿಲಿಸದು. ಆ ಹಿರಿಯರಿಗೆ ನೋವಿನ ಚಿಕಿತ್ಸೆ, ಮಾಸಾಶನ ಬೇಕು. ನೀರಿನ ಲೆಕ್ಕದಲ್ಲಿ ಅವರ ಹೆಸರು ಬರುವುದಿಲ್ಲ.